ನ್ಯೂಟನ್, ಜಾನ್

1725–1807. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಸ್ತೋತ್ರಗೀತಕಾರ. ಮೊದಲು ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳ ಕಪ್ತಾನ. ಲಂಡನ್ನಿನಲ್ಲಿ ಹುಟ್ಟಿದ ಈತ ಹನ್ನೊಂದನೆಯ ವಯಸ್ಸಿಗೇ ತಂದೆಯೊಡನೆ ಕಡಲಿಗಿಳಿದ. 1748ರ ಮಾರ್ಚ್‌ನಲ್ಲಿ ಈತನಿದ್ದ ಗ್ರೇಹೌಂಡ್ ಹಡಗು ಅಟ್ಲಾಂಟಿಕ್‌ನ ಬಿರುಗಾಳಿಗೆ ಸಿಕ್ಕಿ ಒಡೆದು ನೀರು ನುಗ್ಗಿದಾಗ, ಗಂಟೆಗಟ್ಟಲೆ ಪಂಪು ಒತ್ತುತ್ತ ದೇವರ ಕರುಣೆಗೆ ಮೊರೆಯಿಟ್ಟ. ಆ ದಿನವನ್ನು ತನ್ನ ಹೊಸ ಬಾಳಿನ ಆರಂಭವೆಂದು ಜೀವನಪರ್ಯಂತ ನೆನೆದ. ಬದಲಾವಣೆ ನಿಧಾನವಾಗಿತ್ತು: 1754ರವರೆಗೂ ಗುಲಾಮರ ವ್ಯಾಪಾರದಲ್ಲೇ ಮುಂದುವರಿದ. 1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾದ. ಕವಿ ವಿಲಿಯಂ ಕೂಪರ್ ಜೊತೆ ರಚಿಸಿದ ‘ಓಲ್ನಿ ಹಿಮ್ಸ್’ (1779) ಸಂಗ್ರಹದಲ್ಲಿ ಈತನ ‘ಅಮೇಜಿಂಗ್ ಗ್ರೇಸ್’ ಇದೆ. 1788ರ ಕಿರುಹೊತ್ತಗೆಯಲ್ಲಿ ಗುಲಾಮರ ಹಡಗುಗಳ ಕ್ರೌರ್ಯವನ್ನು ಬಯಲಿಗಿಟ್ಟು, ತನ್ನ ಪಾಲನ್ನೂ ಒಪ್ಪಿಕೊಂಡ. ಗುಲಾಮರ ವ್ಯಾಪಾರದ ವಿರುದ್ಧದ ವಿಲಿಯಂ ವಿಲ್ಬರ್‌ಫೋರ್ಸ್‌ನ ಹೋರಾಟಕ್ಕೆ ಬೆಂಬಲವಾಗಿ ನಿಂತ. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ, ಡಿಸೆಂಬರ್ 21ರಂದು, ನಿಧನನಾದ.