ಟೆಂಪೋ ಎಂಬ ಹೆಸರು, ಹಳೆಯ ಗಾಡಿಯ ಆಯುಷ್ಯ

ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಇಳಿಸುವ ಹಮಾಲಿಗೆ ಎದುರು ನಿಂತ ಸಣ್ಣ ಲಾರಿ ಯಾವ ಕಂಪೆನಿಯದೆಂಬುದು ಮುಖ್ಯವಲ್ಲ. ಅವನ ಪಾಲಿಗೆ ಅದು ‘ಟೆಂಪೋ’. ಈ ಮಾತು ಬಂದದ್ದು ಜರ್ಮನಿಯ ಹ್ಯಾಂಬರ್ಗ್‌ನಿಂದ. ಅಲ್ಲಿನ ವಿಡಾಲ್ ಕಾರ್ಖಾನೆ ತನ್ನ ವಾಹನಗಳಿಗೆ ಇಟ್ಟಿದ್ದ ಹೆಸರು ಅದು. ಅದರ ಸಹಯೋಗದಿಂದ 1958ರಲ್ಲಿ ಬಜಾಜ್ ಟೆಂಪೋ ಹುಟ್ಟಿ, ಮೂರು ಗಾಲಿಯ ಹ್ಯಾನ್ಸೀಟ್ ನಮ್ಮ ಬೀದಿಗಿಳಿಯಿತು. ಕಂಪೆನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಜನರ ಬಾಯಿ ಬದಲಾಗಲಿಲ್ಲ.

ಅದೇ ಕಂಪೆನಿಯ ಮೆಟಡಾರ್‌ನ ಎಂಜಿನ್ ಮುಂದಿನ ಗಾಲಿಗಳನ್ನು ತಿರುಗಿಸುತ್ತಿತ್ತು. ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲದ್ದರಿಂದ ನೆಲಮಟ್ಟ ತಗ್ಗಾಗಿ, ಮೂಟೆ ಏರಿಸುವುದು ಸಲೀಸು. ಆದರೆ ಹಿಂದೆ ಭಾರ ಹೆಚ್ಚಾಗಿ ಕೆಸರಿನ ಏರು ಎದುರಾದರೆ ಮುಂದಿನ ಗಾಲಿ ಹಗುರಾಗಿ ನಿಂತಲ್ಲೇ ತಿರುಗಬೇಕು. ತೋಟದ ದಾರಿಗೆ ಇದು ಸಣ್ಣ ದೋಷವಲ್ಲ.

1980ರ ದಶಕದಲ್ಲಿ ಜಪಾನಿನ ನಾಲ್ಕು ಕಂಪೆನಿಗಳು ಒಟ್ಟಿಗೇ ಬಂದವು: ಡಿಸಿಎಂ ಟೊಯೊಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ. ಉತ್ತರವಾಗಿ ಟಾಟಾ 1986ರಲ್ಲಿ 407ನ್ನು ತಂದಿತು. ನಾಲ್ಕರಲ್ಲಿ ಡಿಸಿಎಂ ಟೊಯೊಟಾ ಮುಂದೆ ಡೇವೂ ಕೈಸೇರಿತು, ಆಲ್ವಿನ್ ನಿಸಾನ್ ಮಹೀಂದ್ರದಲ್ಲಿ ಕರಗಿತು. 407 ಗೆದ್ದದ್ದು ನಾಜೂಕಿನಿಂದಲ್ಲ. ಗಟ್ಟಿ ಚಾಸಿ, ಪಟ್ಟಿ ಸ್ಪ್ರಿಂಗು, ಊರಿನ ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಕಟ್ಟಬಲ್ಲ ಎಂಜಿನ್. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯಿಂದ ದ್ರಾಕ್ಷಿ, ತರಕಾರಿ ಹೊತ್ತು ಯಲಹಂಕ, ಹೆಬ್ಬಾಳ ದಾಟಿ ಬರುವವರಿಗೆ ಬೇಕಿದ್ದುದೂ ಅಷ್ಟೆ. ಹೊತ್ತು ಮೀರಿದರೆ ಮಾಲು ಬಾಡುತ್ತದೆ, ಬೆಲೆ ಬೀಳುತ್ತದೆ.

ಆದ್ದರಿಂದಲೇ ಹಳೆಯದನ್ನು ಕೊಳ್ಳುವಾಗ ಬಲ್ಲವರು ಬಣ್ಣ ನೋಡುವುದಿಲ್ಲ. ಹೊಸ ಬಣ್ಣ ಬಳಿದಿದ್ದರೆ ಅನುಮಾನ ಹೆಚ್ಚುವುದೂ ಉಂಟು! ಗಾಡಿಯಡಿ ಮಲಗಿ ಚಾಸಿಯಲ್ಲಿ ಬಿರುಕು, ವೆಲ್ಡಿಂಗ್ ಗುರುತು, ತುಕ್ಕು ಹುಡುಕುತ್ತಾರೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು, ಹೊಗೆ ಎಷ್ಟು ರಭಸದಿಂದ ಬರುತ್ತದೆಂದು ನೋಡುತ್ತಾರೆ. ಜೋರಾಗಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಎಂದೇ ಲೆಕ್ಕ. ಗಾಡಿ ತಣ್ಣಗಿರುವ ಬೆಳಗಿನ ಹೊತ್ತೇ ಹೋಗಬೇಕು. ಬಿಸಿಯಾದ ಡೀಸೆಲ್ ಎಂಜಿನ್ ತನ್ನ ರೋಗ ಮುಚ್ಚಿಟ್ಟುಕೊಳ್ಳುತ್ತದೆ.

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಹೊರೆಗಳು ಅದರ ಪಾಲಾದವು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಬಳಿಕ ಬಳ್ಳಾರಿ ರಸ್ತೆಯ ಇಕ್ಕೆಲದ ಹೊಲಗಳು ಬಡಾವಣೆಗಳಾದವು. ತರಕಾರಿ ಹೊರುತ್ತಿದ್ದ ಗಾಡಿಗೆ ಜಲ್ಲಿ, ಇಟ್ಟಿಗೆ ಬಾಡಿಗೆ ಸಿಕ್ಕಿತು.

ಹಳೆಯ ಗಾಡಿಯ ನಿಜವಾದ ಪರೀಕ್ಷೆ ಆರ್‌ಟಿಒ ಕಚೇರಿಯಲ್ಲಿ. ಎಂಟು ವರ್ಷ ದಾಟಿದ ಬಾಡಿಗೆ ವಾಹನಕ್ಕೆ ವರ್ಷಕ್ಕೊಮ್ಮೆ ‘ಎಫ್‌ಸಿ’ ಆಗಲೇಬೇಕು. 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದವುಗಳ ಶುಲ್ಕ ಹಲವು ಪಟ್ಟು ಏರಿತು. ಹೊಗೆ ಕಕ್ಕುವ ಗಾಡಿಗೆ ಇದು ನ್ಯಾಯವೇ. ಆದರೆ ಸುಗ್ಗಿಯ ಎರಡು ಮೂರು ತಿಂಗಳು ಮಾತ್ರ ಓಡಿ, ಉಳಿದ ದಿನ ಹೊಂಗೆ ಮರದ ಕೆಳಗೆ ನಿಲ್ಲುವ 407ಕ್ಕೂ ಶುಲ್ಕ ಅಷ್ಟೇ. ಹೊಸದಕ್ಕಾದರೋ ನಿಂತ ತಿಂಗಳಲ್ಲೂ ಸಾಲದ ಕಂತು ಕಟ್ಟಬೇಕು.