ಎಂಟನೇ ಮೈಲಿಯಲ್ಲಿ ಇಳಿದವರಿಗೆ ಒಂದು ರಾತ್ರಿಯ ಜಾಗ

ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದವರಿಗೆ ತುಮಕೂರು ರಸ್ತೆ ಚೆನ್ನಾಗಿ ಗೊತ್ತು. ನೆಲಮಂಗಲ ದಾಟಿದ ಮೇಲೆ ಕಂಡಕ್ಟರ್ ಕೂಗಲು ಶುರು ಮಾಡುತ್ತಾರೆ: ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ. ಎಂಟನೇ ಮೈಲಿಯಲ್ಲಿ ಇಳಿದು ಹೆಸರಘಟ್ಟ ರಸ್ತೆಗೆ ತಿರುಗಿದರೆ ಬಾಗಲಗುಂಟೆ. ಮೈಲಿ ಲೆಕ್ಕ ಹೋಗಿ ಕಿಲೋಮೀಟರ್ ಬಂದು ದಶಕಗಳೇ ಕಳೆದರೂ ಹೆಸರು ಮಾತ್ರ ಹಾಗೇ ಉಳಿದಿದೆ.

ಹೀಗೆ ಇಳಿದವರಲ್ಲಿ ನೆಂಟರ ಮನೆ ಇರುವವರು ಅಲ್ಲಿಗೆ ಹೋಗುತ್ತಾರೆ. ಇಲ್ಲದವರು ಏನು ಮಾಡಬೇಕು? ಆಸ್ಪತ್ರೆಗೆ ಬಂದವರು, ಪೀಣ್ಯದಲ್ಲಿ ಕೆಲಸ ಕೇಳಲು ಬಂದವರು, ಮಗಳ ಕಾಲೇಜಿನ ಸೀಟಿಗೆ ಓಡಾಡುವವರು ಹುಡುಕುವುದು ಕಡಿಮೆ ಬಾಡಿಗೆಯ ಲಾಡ್ಜನ್ನು. ಒಂದು ಮಂಚ, ಒಂದು ಫ್ಯಾನು, ಬೆಳಗ್ಗೆ ಒಂದು ಬಕೆಟ್ ಬಿಸಿನೀರು ಸಿಕ್ಕರೆ ಸಾಕು. ಇಂಥ ಹಳೆಯ ಲಾಡ್ಜುಗಳನ್ನು ಕೆಡವಿ ಅದೇ ಜಾಗದಲ್ಲಿ 'ಪರಿಸರಸ್ನೇಹಿ' ಹೋಟೆಲ್ ಕಟ್ಟುವ ಕಾಲ ಇದು. ಕೇಳಲು ಒಳ್ಳೆಯ ಮಾತೇ. ಅದು ಪೂರ್ತಿ ಒಳ್ಳೆಯದೇ ಎಂದು ತಿಳಿಯಲು ಸ್ವಲ್ಪ ಹಿಂದಿನ ಕಥೆ ನೋಡಬೇಕು.

ಕಟ್ಟೆಯಿಂದ ಛತ್ರಕ್ಕೆ

ಬಾಗಲಗುಂಟೆ, ಗೊರಗುಂಟೆ ಎಂಬ ಹೆಸರುಗಳ ಕೊನೆಯಲ್ಲಿರುವ 'ಗುಂಟೆ' ಜಮೀನಿನ ಅಳತೆಯಲ್ಲ. ಕುಂಟೆ ಅಂದರೆ ಸಣ್ಣ ನೀರಿನ ಹೊಂಡ. ಬಸ್ಸು, ರೈಲು ಬರುವ ಮೊದಲು ಗಾಡಿಯವರು ಎತ್ತು ಬಿಚ್ಚುತ್ತಿದ್ದದ್ದು ನೀರು ಮತ್ತು ಮರದ ನೆರಳು ಇದ್ದ ಕಡೆಯೇ. ದಾರಿಯಲ್ಲಿ ಅರವಟ್ಟಿಗೆ ಇಡುವುದು, ಸಾಲುಮರ ನೆಡುವುದು, ಛತ್ರ ಕಟ್ಟಿಸುವುದು ಪುಣ್ಯದ ಕೆಲಸ ಎಂದು ನಮ್ಮ ಹಿರಿಯರು ನಂಬಿದ್ದರು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಬೆಳೆಸಿದ 385 ಆಲದ ಮರಗಳೂ ಅದೇ ನಂಬಿಕೆಯ ಮುಂದುವರಿಕೆ.

1884ರಲ್ಲಿ ಬೆಂಗಳೂರು–ತುಮಕೂರು ರೈಲು ಓಡತೊಡಗಿತು. 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತು. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿಯನ್ನು ರೈಲು ಒಂದೇ ದಿನಕ್ಕೆ ಇಳಿಸಿದಾಗ, ಊರುಗಳಿಂದ ಬೆಂಗಳೂರಿಗೆ ಬರುವವರು ಹೆಚ್ಚಾದರು. ಆದರೆ ನಿಲ್ದಾಣದಲ್ಲಿ ಇಳಿದ ಮೇಲೆ ಮಲಗಲು ಜಾಗ ಬೇಕಲ್ಲ?

ಅದಕ್ಕೆ ಉತ್ತರ ಕೊಟ್ಟವರು ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿದ ತೋಟದಪ್ಪನವರು. ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ್ದ ಅವರಿಗೆ ಮಕ್ಕಳಿರಲಿಲ್ಲ. ರೈಲ್ವೆಯವರಿಂದ 1897ರಲ್ಲಿ ನಿಲ್ದಾಣದ ಹತ್ತಿರವೇ ಜಾಗ ಕೊಂಡರು. ಅಲ್ಲಿ ಕಟ್ಟಿಸಿದ ಧರ್ಮಛತ್ರ ಮತ್ತು ವಿದ್ಯಾರ್ಥಿನಿಲಯವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಉದ್ಘಾಟಿಸಿದರು. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದಿದ್ದರಿಂದ ಛತ್ರ ಅವರ ನಂತರವೂ ಉಳಿಯಿತು. ಎದುರಿಗಿದ್ದ ಧರ್ಮಾಂಬುಧಿ ಕೆರೆ ಬತ್ತಿ ಮೈದಾನವಾಯಿತು, ಆಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸುತ್ತಲಿನದೆಲ್ಲ ಬದಲಾದರೂ ಛತ್ರ ದುರಸ್ತಿ ಕಂಡು ಬಾಳಿಕೊಂಡು ಬಂತು.

ಬಾಡಿಗೆ ಕೊಟ್ಟು ಮಲಗುವ ಕಾಲ

ಛತ್ರ ಧರ್ಮದ್ದು, ಲಾಡ್ಜು ವ್ಯಾಪಾರದ್ದು. ಮೋಟಾರು ಬಂದ ಮೇಲೆ ಈ ವ್ಯಾಪಾರ ಜಗತ್ತಿನೆಲ್ಲೆಡೆ ಬೆಳೆಯಿತು. 'ಮೋಟೆಲ್' ಎಂಬ ಪದವೇ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ ಊರಿನಲ್ಲಿ. ಅಲ್ಲಿ 1925ರಲ್ಲಿ ಆರ್ಥರ್ ಹೈನ್‌ಮನ್ ಎಂಬ ವಾಸ್ತುಶಿಲ್ಪಿ ಹೆದ್ದಾರಿ ಪಕ್ಕ ಕಟ್ಟಿದ ವಸತಿಗೃಹಕ್ಕೆ 'ಮೈಲ್‌ಸ್ಟೋನ್ ಮೋಟೆಲ್' ಎಂದು ಹೆಸರಿಟ್ಟ. ಮೋಟಾರು ಮತ್ತು ಹೋಟೆಲ್ ಎರಡನ್ನೂ ಸೇರಿಸಿ ಮಾಡಿದ ಪದ ಅದು. ಆ ಹೆಸರಿನಲ್ಲೂ ಮೈಲಿಗಲ್ಲು ಇತ್ತು, ನಮ್ಮ ಎಂಟನೇ ಮೈಲಿಯ ಹಾಗೆ.

ತುಮಕೂರು ರಸ್ತೆಯಲ್ಲಿ ಈ ವ್ಯಾಪಾರಕ್ಕೆ ಬಲ ಬಂದದ್ದು ಕಾರ್ಖಾನೆಗಳಿಂದ. 1950ರ ದಶಕದಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿತು. ಬಿಡಿಭಾಗ ಕೊಳ್ಳಲು ಬಂದವರು, ಲಾರಿಯವರು, ಸಂದರ್ಶನಕ್ಕೆ ಬಂದ ಐಟಿಐ ಹುಡುಗರು, ಎಲ್ಲರಿಗೂ ರೂಮು ಬೇಕಾಯಿತು. 2007ರಲ್ಲಿ ದಾಸರಹಳ್ಳಿ ನಗರಸಭೆ ಬಿಬಿಎಂಪಿಗೆ ಸೇರಿತು. 2015ರಲ್ಲಿ ಮೆಟ್ರೊ ನಾಗಸಂದ್ರದವರೆಗೆ ಬಂತು. ಮೆಟ್ರೊ ಬಂದ ಕಡೆ ನೆಲದ ಬೆಲೆ ಏರುತ್ತದೆ. ನೆಲದ ಬೆಲೆ ಏರಿದಾಗ ಎರಡು ಮಹಡಿಯ ಹಳೆಯ ಲಾಡ್ಜು ಮಾಲೀಕರ ಕಣ್ಣಿಗೆ ನಷ್ಟದಂತೆ ಕಾಣುತ್ತದೆ. ಹೊಸ ಕಟ್ಟಡಕ್ಕೆ ಮೊದಲ ಕಾರಣ ಹೆಚ್ಚಾಗಿ ಈ ಲೆಕ್ಕ. ಹಸಿರಿನ ಮಾತು ಆಮೇಲೆ ಸೇರಿಕೊಳ್ಳುತ್ತದೆ.

ಹಸಿರು ಎಂದರೆ ಎಷ್ಟು ಹಸಿರು?

ಹಸಿರು ಕಟ್ಟಡ ಸುಳ್ಳಲ್ಲ. ಬೆಂಗಳೂರಿನ ಐಟಿಸಿ ಗಾರ್ಡೇನಿಯಾ ಹೋಟೆಲಿಗೆ ಹಸಿರು ಕಟ್ಟಡಗಳ ಲೀಡ್ ಪದ್ಧತಿಯಲ್ಲಿ ಅತ್ಯುನ್ನತವಾದ ಪ್ಲಾಟಿನಂ ದರ್ಜೆ ಸಿಕ್ಕಿದೆ. ಅಂಥ ಕಟ್ಟಡಗಳಲ್ಲಿ ಕರೆಂಟು, ನೀರು ನಿಜವಾಗಿ ಉಳಿಯುತ್ತದೆ. ಆದರೆ ಕಟ್ಟಡ ಕರೆಂಟು ತಿನ್ನುವುದು ಬಾಗಿಲು ತೆರೆದ ಮೇಲೆ ಮಾತ್ರವಲ್ಲ. ಸಿಮೆಂಟು ಸುಡುವಾಗ, ಕಬ್ಬಿಣ ಕರಗಿಸುವಾಗ, ಇಟ್ಟಿಗೆ ಗೂಡಿಗೆ ಬೆಂಕಿ ಹಾಕುವಾಗಲೇ ಹೊಗೆ ಹೋಗಿರುತ್ತದೆ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಬರುವುದು ಸಿಮೆಂಟಿನಿಂದಲೇ.

ಅಮೆರಿಕದ ರಾಷ್ಟ್ರೀಯ ಪರಂಪರಾ ಸಂರಕ್ಷಣಾ ಟ್ರಸ್ಟ್ 2011ರಲ್ಲಿ ಇದರ ಲೆಕ್ಕ ಹಾಕಿತು. ಹಳೆಯದಕ್ಕಿಂತ ಶೇ 30ರಷ್ಟು ಕಡಿಮೆ ಶಕ್ತಿ ಬಳಸುವ ಹೊಸ ಕಟ್ಟಡ ಕಟ್ಟಿದರೂ, ಕಟ್ಟುವಾಗ ಆದ ಹವಾಮಾನದ ಹಾನಿ ತೀರಲು 10ರಿಂದ 80 ವರ್ಷ ಬೇಕು ಎಂದಿತು ಆ ವರದಿ. ಸಾಲ ಮಾಡಿ ಹೊಸ ಪಂಪ್‌ಸೆಟ್ ತಂದ ಹಾಗೆ ಇದು. ಕರೆಂಟು ಉಳಿಯುತ್ತದೆ ನಿಜ, ಆದರೆ ಮೊದಲು ಸಾಲ ತೀರಬೇಕು.

ಈ ಸಾಲದ ಒಂದು ಪಾಲು ನಮ್ಮ ಹಳ್ಳಿಗಳ ಲೆಕ್ಕಕ್ಕೇ ಬರುತ್ತದೆ. ಇಟ್ಟಿಗೆಗೆ ಮೇಲ್ಮಣ್ಣು ಹೊಲದಿಂದ ಹೋಗುತ್ತದೆ. ಜಲ್ಲಿ, ಎಂ-ಸ್ಯಾಂಡ್ ಹಳ್ಳಿ ಪಕ್ಕದ ಬೆಟ್ಟದಿಂದ ಹೋಗುತ್ತದೆ. ಕೆಡವಿದ ಗೋಡೆಯ ಅವಶೇಷ ರಾತ್ರಿ ಲಾರಿಯಲ್ಲಿ ಬಂದು ನಗರದ ಅಂಚಿನ ಕೆರೆಯಂಗಳಕ್ಕೋ ರಾಜಕಾಲುವೆಗೋ ಬೀಳುತ್ತದೆ. 2016ರ ಕಟ್ಟಡ ತ್ಯಾಜ್ಯ ನಿಯಮಗಳ ಪ್ರಕಾರ, ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ಅವಶೇಷ ಬರುವ ಕಡೆ ಕೆಡಹುವ ಮೊದಲೇ ಯೋಜನೆ ಕೊಟ್ಟು ಒಪ್ಪಿಗೆ ಪಡೆಯಬೇಕಿತ್ತು. ಕಾಂಕ್ರೀಟು, ಮಣ್ಣು, ಇಟ್ಟಿಗೆ–ಗಾರೆ, ಕಬ್ಬಿಣ–ಮರ–ಪ್ಲಾಸ್ಟಿಕ್ ಬೇರೆ ಬೇರೆ ಮಾಡಬೇಕಿತ್ತು. ನಿಮ್ಮೂರ ಕೆರೆಗೆ ಇಂಥ ಲಾರಿ ಬಂದರೆ ಪಂಚಾಯ್ತಿಯಲ್ಲಿ ಕೇಳುವ ಹಕ್ಕು ನಿಮಗಿದೆ.

ಕೆಡವದೆ ಆಗುವುದಿಲ್ಲವೇ?

ಎಲ್ಲ ಹಳೆ ಕಟ್ಟಡವನ್ನೂ ಉಳಿಸಬೇಕೆಂದು ನಾವು ಹೇಳುವುದಿಲ್ಲ. ಪಿಲ್ಲರ್ ಬಿರುಕು ಬಿಟ್ಟಿದ್ದರೆ, ಬೆಂಕಿ ಬಿದ್ದಾಗ ಹೊರಗೆ ಓಡಲು ಎರಡನೇ ಮೆಟ್ಟಿಲೇ ಇಲ್ಲದಿದ್ದರೆ ಅಲ್ಲಿ ಮಲಗುವವರ ಜೀವ ದೊಡ್ಡದು. ಆದರೆ ಗಟ್ಟಿ ಇರುವ ಲಾಡ್ಜನ್ನು ಹಾಗೇ ಇಟ್ಟುಕೊಂಡು ಹಸಿರು ಮಾಡಬಹುದು. ಹಳೆಯ ಕಟ್ಟಡಗಳಿಗೇ ಎಂದು ಐಜಿಬಿಸಿ, ಗೃಹ ಎರಡರಲ್ಲೂ ಪ್ರತ್ಯೇಕ ದರ್ಜೆ ಪದ್ಧತಿ ಇದೆ.

ಒಂದು ಸಣ್ಣ ಲೆಕ್ಕ ನೋಡಿ. ಹಳೆಯ ಫ್ಯಾನು ಸುಮಾರು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 28 ವ್ಯಾಟ್. 20 ರೂಮಿನಲ್ಲಿ ದಿನಕ್ಕೆ 12 ಗಂಟೆ ತಿರುಗಿದರೆ ಉಳಿಯುವುದು ದಿನಕ್ಕೆ 11 ಯೂನಿಟ್. ಇನ್ನು ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 60×40 ಅಡಿಯ ಚಾವಣಿಯ ಮೇಲೆ ಬೀಳುವುದು ಎರಡು ಲಕ್ಷ ಲೀಟರಿಗೂ ಹೆಚ್ಚು. ಅದರಲ್ಲಿ ಐದನೇ ಒಂದು ಪಾಲು ಪೋಲಾದರೂ 6000 ಲೀಟರಿನ 28 ಟ್ಯಾಂಕರಿನಷ್ಟು ನೀರು ಉಳಿಯಿತು. 60×40ರ ಹಳೆ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ ಎಂದು 2009ರಲ್ಲೇ ಕಾನೂನು ಬಂದಿದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತ ನಗರಕ್ಕೆ ಇದು ಸಣ್ಣ ಮಾತಲ್ಲ.

ಬಾಡಿಗೆ ಯಾರಿಗೆ ಎಟುಕುತ್ತದೆ?

ಹೊಸ ಕಟ್ಟಡ ಬಂದರೆ ಜನ ತಾವಾಗಿಯೇ ಬರುತ್ತಾರೆ ಎನ್ನುವಂತಿಲ್ಲ. ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ 2014ರಲ್ಲಿ ಶುರುವಾಯಿತು. ಕಟ್ಟಡ ದೊಡ್ಡದೇ, ಆದರೆ ಪ್ರಯಾಣಿಕರು ಮೆಜೆಸ್ಟಿಕ್ಕಿಗೇ ಹೋದರು. ಜನ ಹೋಗುವ ದಾರಿ, ಅವರ ಜೇಬು ಎರಡನ್ನೂ ನೋಡದೆ ಕಟ್ಟಿದರೆ ಹೀಗಾಗುತ್ತದೆ.

ಜೇಬಿನ ವಿಷಯಕ್ಕೆ ಬಂದರೆ, ದಿನಕ್ಕೆ 1000 ರೂಪಾಯಿವರೆಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ 12 ಬಿತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಇದರ ಮೇಲೆ ಹೊಸ ಕಟ್ಟಡದ ಬ್ಯಾಂಕ್ ಸಾಲವೂ ಬಾಡಿಗೆಯಲ್ಲೇ ಸೇರಬೇಕು. ಹಳೆಯ ಲಾಡ್ಜಿಗೆ ಆ ಸಾಲ ತೀರಿ ಎಷ್ಟೋ ವರ್ಷವಾಗಿರುತ್ತದೆ. ಅದರ ಬಾಡಿಗೆ ಕಡಿಮೆ ಇರಲು ಇದೇ ಮುಖ್ಯ ಕಾರಣ.

ಧರ್ಮದ ವಸತಿಯನ್ನೂ ಹೊಸದಾಗಿ ಕಟ್ಟುವುದುಂಟು. ತಿರುಮಲದ ಕರ್ನಾಟಕ ಛತ್ರದ 7.05 ಎಕರೆ ಜಾಗದಲ್ಲಿ 200 ಕೋಟಿ ರೂಪಾಯಿಯ ಹೊಸ ಸಂಕೀರ್ಣಕ್ಕೆ 2020ರ ಸೆಪ್ಟೆಂಬರ್ 24ರಂದು ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಭೂಮಿಪೂಜೆ ಮಾಡಿದರು. ಅಲ್ಲಿ ಸರ್ಕಾರದ ಹಣ ಇತ್ತು. ತುಮಕೂರು ರಸ್ತೆಯ ಲಾಡ್ಜಿಗೆ ಹಾಗೆ ಕೊಡುವವರಿಲ್ಲ.

ಆದ್ದರಿಂದ ಹೆದ್ದಾರಿ ಪಕ್ಕ ಹಸಿರು ಹೋಟೆಲಿನ ಬೋರ್ಡು ಕಂಡಾಗ ಮೂರು ಪ್ರಶ್ನೆ ಕೇಳೋಣ. ಹಳೆಯದನ್ನು ದುರಸ್ತಿ ಮಾಡಲು ನಿಜವಾಗಿಯೂ ಆಗುತ್ತಿರಲಿಲ್ಲವೇ? ಅವಶೇಷ ಎಲ್ಲಿಗೆ ಹೋಯಿತು? ಹಳೆಯ ಬಾಡಿಗೆಯ ನಾಲ್ಕು ರೂಮಾದರೂ ಹೊಸದರಲ್ಲಿ ಇರುತ್ತವೆಯೇ? ಗುಬ್ಬಿಯ ವ್ಯಾಪಾರಿಯೊಬ್ಬರು 1897ರಲ್ಲಿ ಜಾಗ ಕೊಂಡದ್ದು ರೈಲಿಳಿದ ಬಡವರಿಗೆ ರಾತ್ರಿ ಕಳೆಯಲು. ಎಂಟನೇ ಮೈಲಿಯಲ್ಲಿ ಮುಂಜಾನೆ ಬಸ್ಸಿಳಿದು ಆಸ್ಪತ್ರೆ ಬಾಗಿಲು ತೆರೆಯುವವರೆಗೆ ಕಾಯುವವರಿಗೆ ಇವತ್ತಿಗೂ ಬೇಕಾಗಿರುವುದು ಅಂಥದೇ ಒಂದು ಜಾಗ.