ಮಲೆನಾಡಿನ ಕ್ಷೇತ್ರಗಡಿಗಳು: ಸಾಗರ, ಹೊಸನಗರ, ತೀರ್ಥಹಳ್ಳಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಚುನಾವಣಾ ಕ್ಷೇತ್ರಗಳ ಗಡಿ ಸ್ವಾತಂತ್ರ್ಯಾನಂತರ ಹಲವು ಸಲ ಬದಲಾಗಿದೆ. ಗೆರೆ ಎಳೆಯುವ ಅಧಿಕಾರ ರಾಷ್ಟ್ರಪತಿಯ ಆದೇಶ, ನ್ಯಾಯಮೂರ್ತಿಗಳ ಆಯೋಗ, ರಾಜ್ಯ ಚುನಾವಣಾ ಆಯೋಗ, ನಿವೃತ್ತ ಅಧಿಕಾರಿಯ ಆಯೋಗ ಎಂದು ಕೈಯಿಂದ ಕೈಗೆ ಹೋಗಿದೆ. ಅಳತೆಗೋಲು ಮಾತ್ರ ಪ್ರತಿಸಲವೂ ಜನಸಂಖ್ಯೆಯೇ. ಕಾಡು, ಹೊಳೆ, ಹಿನ್ನೀರಿನ ನಡುವೆ ಒಂಟಿಮನೆಗಳಲ್ಲಿ ಹರಡಿಕೊಂಡ ಸೀಮೆಗೆ ಈ ಲೆಕ್ಕ ಎಂದೂ ಲಾಭ ತಂದಿಲ್ಲ.

ಮೈಸೂರು ರಾಜ್ಯದ ಮೊದಲ ವಿಧಾನಸಭೆಗೆ 99 ಸ್ಥಾನಗಳಿದ್ದವು. 1952ರ ಆ ಚುನಾವಣೆಯಲ್ಲಿ ಸಾಗರ ಮತ್ತು ಹೊಸನಗರ ಸೇರಿ ಒಂದು ಕ್ಷೇತ್ರ. ತೀರ್ಥಹಳ್ಳಿಯನ್ನು ಪಕ್ಕದ ಜಿಲ್ಲೆಯ ಕೊಪ್ಪದೊಂದಿಗೆ ಕೂಡಿಸಲಾಗಿತ್ತು. ಹಿಂದಿನ ವರ್ಷವಷ್ಟೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಅದರ ಕಾವಿನಲ್ಲೇ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ಗೆದ್ದು ಬಂದರು. ತೀರ್ಥಹಳ್ಳಿ–ಕೊಪ್ಪದಿಂದ ಆಯ್ಕೆಯಾದವರು ಕಾಂಗ್ರೆಸ್ಸಿನ ಕಡಿದಾಳ್ ಮಂಜಪ್ಪ. ಅವರು ಕಂದಾಯ ಸಚಿವರಾದರು, 1956ರಲ್ಲಿ ಕೆಲಕಾಲ ಮುಖ್ಯಮಂತ್ರಿಯೂ ಆದರು. ಗೇಣಿದಾರರ ಪರ ಸದನದಲ್ಲಿ ಗುಡುಗಿದವರೂ ಗೇಣಿ ಕಾನೂನು ರೂಪಿಸಬೇಕಾದ ಸಚಿವರೂ ಅಕ್ಕಪಕ್ಕದ ಕ್ಷೇತ್ರಗಳವರೇ ಆಗಿದ್ದರು.

ಆ ಮೊದಲ ಗಡಿಗಳನ್ನು ಗೊತ್ತುಪಡಿಸಿದ್ದು ರಾಷ್ಟ್ರಪತಿಯ ಆದೇಶ. ಈ ಕೆಲಸವನ್ನು ಸ್ವತಂತ್ರ ಆಯೋಗವೊಂದಕ್ಕೆ ಒಪ್ಪಿಸುವ ಕ್ರಮ 1952ರ ಕಾಯ್ದೆಯಿಂದ ಶುರುವಾಯಿತು. ಮುಂದೆ 1962, 1972 ಮತ್ತು 2002ರ ಕಾಯ್ದೆಗಳ ಅಡಿಯಲ್ಲೂ ಆಯೋಗಗಳು ನೇಮಕಗೊಂಡವು. ಆಯೋಗದ ಆದೇಶ ಪ್ರಕಟವಾದ ಮೇಲೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 1966ರಲ್ಲಿ ಮೇಘರಾಜ್ ಕೊಠಾರಿ ಪ್ರಕರಣದಲ್ಲಿ ಹೇಳಿತು. ಹಳೆಯ ಜೋಡಿಗಳು ಮುರಿದು ಮೂರೂ ತಾಲ್ಲೂಕುಗಳು ಬೇರೆಬೇರೆ ಕ್ಷೇತ್ರಗಳಾದದ್ದು ಮೊದಲ ಆಯೋಗಗಳ ಈ ಅವಧಿಯಲ್ಲೇ.

ಇದೇ ಕಾಲದಲ್ಲಿ ನೆಲದ ನಕ್ಷೆಯೂ ಬದಲಾಗುತ್ತಿತ್ತು. ಶರಾವತಿಗೆ ಆಗಲೇ ಹಿರೇಭಾಸ್ಕರ ಅಣೆಕಟ್ಟು ಇತ್ತು, 1964ರಲ್ಲಿ ಲಿಂಗನಮಕ್ಕಿಯೂ ಬಂತು. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿ, ಮುಳುಗಡೆ ಸಂತ್ರಸ್ತರು ದೂರದ ಊರುಗಳಿಗೆ ಹೋಗಿ ನೆಲೆಸಿದರು. ವಾರಾಹಿ ಯೋಜನೆಯ ಮಾಣಿ ಜಲಾಶಯವೂ ಹೊಸನಗರ ತಾಲ್ಲೂಕಿನಲ್ಲೇ ಇದೆ. ನೀರು ನಿಂತಲ್ಲಿ ಜನ ಕಡಿಮೆ, ಜನ ಕಡಿಮೆಯಾದಲ್ಲಿ ಸ್ಥಾನ ಕಡಿಮೆ. ನಾಡಿಗೆ ಬೆಳಕು ಕೊಟ್ಟ ತಾಲ್ಲೂಕಿನ ರಾಜಕೀಯ ತೂಕ ಅದೇ ಕಾರಣಕ್ಕೆ ಇಳಿಯಿತೆಂಬ ಮಾತನ್ನು ಬರೀ ಅಳಲು ಎಂದು ತಳ್ಳಿಹಾಕುವಂತಿಲ್ಲ.

1976ರ ಸಂವಿಧಾನ ತಿದ್ದುಪಡಿ ಕ್ಷೇತ್ರಗಳ ಮರುಹಂಚಿಕೆಯನ್ನು ತಡೆಹಿಡಿದದ್ದರಿಂದ 1971ರ ಜನಗಣತಿಯ ಗಡಿಗಳೇ ಮೂರು ದಶಕ ಉಳಿದವು. ಹೊಸನಗರಕ್ಕೆ ಅದು ಆಸರೆಯಾಗಿತ್ತು. 1994ರಲ್ಲಿ ಆಯನೂರು ಮಂಜುನಾಥ್, 2004ರಲ್ಲಿ ಹರತಾಳು ಹಾಲಪ್ಪ ಅಲ್ಲಿಂದ ಆಯ್ಕೆಯಾದರು. ಆ ಕ್ಷೇತ್ರದ ಕೊನೆಯ ಶಾಸಕ ಹಾಲಪ್ಪನವರೇ.

2002ರ ಜುಲೈಯಲ್ಲಿ ನೇಮಕವಾದ ಆಯೋಗಕ್ಕೆ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಪ್ರತಿ ರಾಜ್ಯದಿಂದಲೂ ಸಂಸದರು, ಶಾಸಕರು ಸಹಸದಸ್ಯರಾಗಿದ್ದರು, ಆದರೆ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಜನಸಾಮಾನ್ಯರಿಗೆ ಇದ್ದದ್ದು ಕರಡು ನೋಡಿ ಆಕ್ಷೇಪಣೆ ಸಲ್ಲಿಸುವ, ಬಹಿರಂಗ ಸಭೆಯಲ್ಲಿ ಅಹವಾಲು ಹೇಳುವ ಅವಕಾಶ. ಭೌಗೋಳಿಕ ಸ್ವರೂಪ, ಸಂಪರ್ಕ ಸೌಲಭ್ಯ, ಜನರ ಅನುಕೂಲಗಳನ್ನು ಗಮನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಸಂಖ್ಯೆಯ ಮುಂದೆ ಅವು ಎರಡನೆಯ ಸಾಲಿನ ಮಾತು.

2001ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ. 224 ಸ್ಥಾನಗಳಿಗೆ ಹಂಚಿದರೆ ಕ್ಷೇತ್ರವೊಂದಕ್ಕೆ ಸರಾಸರಿ 2.36 ಲಕ್ಷ. ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.4 ಲಕ್ಷವಾದ್ದರಿಂದ ಅದಕ್ಕೆ ದಕ್ಕಿದ್ದು ಏಳು ಸ್ಥಾನ, ಅದುವರೆಗೆ ಎಂಟಿದ್ದವು. ಯಾವುದೋ ಒಂದು ಹೋಗಲೇಬೇಕಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರರ ಜನಸಂಖ್ಯೆ ಕೂಡಿದರೂ ಐದು ಲಕ್ಷ ಮುಟ್ಟುವುದಿಲ್ಲ. 2011ರ ಗಣತಿಯಲ್ಲೂ ಸಾಗರ ಎರಡು ಲಕ್ಷದ ಆಸುಪಾಸು, ತೀರ್ಥಹಳ್ಳಿ 1.4 ಲಕ್ಷ, ಹೊಸನಗರ 1.2 ಲಕ್ಷದ ಸಮೀಪ ಇದ್ದವು. ಅಂದರೆ ಎರಡು ಕ್ಷೇತ್ರಕ್ಕಾಗುವಷ್ಟು ಜನ. ನಡುವಿನ ಹೊಸನಗರವೇ ಒಡೆದುಹೋಯಿತು.

ಹೊಸ ನಕ್ಷೆಯಲ್ಲಿ ಹೊಸನಗರ ಪಟ್ಟಣ ಮತ್ತು ರಿಪ್ಪನ್‌ಪೇಟೆಯ ಕಡೆ ಸಾಗರಕ್ಕೆ ಸೇರಿದರೆ, ನಗರ ಮತ್ತು ಹುಂಚದ ಕಡೆ ತೀರ್ಥಹಳ್ಳಿಗೆ ಹೋಯಿತು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರೇ ಈಗಿನ ನಗರ. ಸಾಗರ ತಾಲ್ಲೂಕೂ ಇಡಿಯಾಗಿ ಉಳಿಯಲಿಲ್ಲ, ಅದರ ತಾಳಗುಪ್ಪ ಹೋಬಳಿ ಸೊರಬ ಕ್ಷೇತ್ರದ ಪಾಲಾಯಿತು. ವಿಧಾನಸಭಾ ಕ್ಷೇತ್ರ ಜಿಲ್ಲೆಯ ಗಡಿ ದಾಟಬಾರದೆಂಬುದು ಆಯೋಗ ಅನುಸರಿಸಿದ ನಿಯಮ. 1952ರಲ್ಲಿ ತೀರ್ಥಹಳ್ಳಿ ಕೊಪ್ಪವನ್ನು ಕೂಡಿಕೊಂಡಂತೆ ಹೊಸನಗರ ನೆರೆಯ ಉಡುಪಿ ಜಿಲ್ಲೆಯ ಹಳ್ಳಿಗಳನ್ನು ಸೇರಿಸಿಕೊಂಡು ಬದುಕುವ ದಾರಿ ಇದರಿಂದ ಮುಚ್ಚಿತು. ಲೋಕಸಭೆಗೆ ಆ ನಿರ್ಬಂಧವಿಲ್ಲ. ಘಟ್ಟದ ಕೆಳಗಿನ ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು ಹಾಗೆ. ಆದೇಶ 2008ರ ಫೆಬ್ರವರಿಯಲ್ಲಿ ಜಾರಿಗೆ ಬಂತು, ಮೇ ತಿಂಗಳಲ್ಲಿ ಕರ್ನಾಟಕವೇ ಮೊದಲು ಹೊಸ ಗಡಿಗಳಲ್ಲಿ ಮತ ಹಾಕಿತು. ಕ್ಷೇತ್ರವನ್ನು ಮರಳಿ ಕೊಡಿ ಎಂಬ ಬೇಡಿಕೆ ಹೊಸನಗರದಲ್ಲಿ ಆಗಿನಿಂದಲೂ ಇದೆ.

ಸ್ಥಳೀಯ ಸಂಸ್ಥೆಗಳ ಗಡಿಯ ಕತೆ ಬೇರೆ. 1983ರ ಕಾಯ್ದೆಯಂತೆ ರೂಪುಗೊಂಡ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. 1993ರ ಪಂಚಾಯತ್ ರಾಜ್ ಕಾಯ್ದೆ ಮಂಡಲಗಳ ಬದಲು ಗ್ರಾಮ ಪಂಚಾಯತಿಗಳನ್ನು ತಂದಿತು. ಪಂಚಾಯತಿಗೆ ಐದರಿಂದ ಏಳು ಸಾವಿರ ಜನ ಎಂಬ ಸಾಮಾನ್ಯ ನಿಯಮದಿಂದ ಶಿವಮೊಗ್ಗವೂ ಸೇರಿದಂತೆ ಮಲೆನಾಡು–ಕರಾವಳಿಯ ಜಿಲ್ಲೆಗಳಿಗೆ ವಿನಾಯಿತಿ ಸಿಕ್ಕಿ, 2,500 ಜನರಿದ್ದರೂ ಪಂಚಾಯತಿ ಆಗಬಹುದೆಂದಾಯಿತು. ಮಲೆನಾಡಿನ ದೂರವನ್ನು ಕಾನೂನು ಒಪ್ಪಿಕೊಂಡ ಅಪರೂಪದ ಸಂದರ್ಭ ಇದು. ಜಿಲ್ಲಾ ಪಂಚಾಯತಿಯ ಮಟ್ಟದಲ್ಲಿ ಈ ಉದಾರತೆ ಮುಂದುವರಿಯಲಿಲ್ಲ. ಮೂಲ ಕಾಯ್ದೆ 40,000 ಜನರಿಗೊಬ್ಬ ಸದಸ್ಯ ಎಂದಿತು. ಚಿಕ್ಕಮಗಳೂರು ಮತ್ತು ಉತ್ತರ ಕನ್ನಡಕ್ಕೆ 30,000, ಕೊಡಗಿಗೆ 18,000 ಎಂದು ರಿಯಾಯಿತಿ ಕೊಟ್ಟಿತು. ಆ ಪಟ್ಟಿಯಲ್ಲಿ ಶಿವಮೊಗ್ಗ ಇಲ್ಲ. ಅತ್ತ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪಕ್ಕೊಂದು, ಇತ್ತ ಅದೇ ಕಾಡಿನ ತೀರ್ಥಹಳ್ಳಿಗೊಂದು ಲೆಕ್ಕವಾಯಿತು. ಭದ್ರಾವತಿಯ ಬಯಲು, ಗದ್ದೆಗಳು ಜಿಲ್ಲೆಯ ಜನಸಾಂದ್ರತೆಯ ಸರಾಸರಿ ಏರಿಸಿದ್ದರ ಬೆಲೆಯನ್ನು ಘಟ್ಟದ ತಾಲ್ಲೂಕುಗಳು ತೆತ್ತಂತಿದೆ.

ಜಿಲ್ಲಾ, ತಾಲ್ಲೂಕು ಪಂಚಾಯತಿ ಕ್ಷೇತ್ರಗಳ ವಿಂಗಡಣೆ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯುವ ಹೊತ್ತಿಗೆ ಅದು ಹೊಸ ವಿಂಗಡಣೆ ಮಾಡಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ರಾಜ್ಯ ಸರ್ಕಾರ ಅದೇ ವರ್ಷ ಕಾಯ್ದೆ ತಿದ್ದಿ ಆ ಅಧಿಕಾರ ಹಿಂಪಡೆಯಿತು. ನಿವೃತ್ತ ಐಎಎಸ್ ಅಧಿಕಾರಿ ಎಂ. ಲಕ್ಷ್ಮೀನಾರಾಯಣ ಅವರ ಅಧ್ಯಕ್ಷತೆಯಲ್ಲಿ ಪಂಚಾಯತ್ ರಾಜ್ ಸೀಮಾ ನಿರ್ಣಯ ಆಯೋಗ ರಚಿಸಿತು. ಸಂವಿಧಾನಬದ್ಧ ಸಂಸ್ಥೆಯ ಕೆಲಸ ಸರ್ಕಾರವೇ ನೇಮಿಸಿದ ಆಯೋಗಕ್ಕೆ ಹೋದದ್ದು ಸ್ವಾತಂತ್ರ್ಯದ ದೃಷ್ಟಿಯಿಂದ ಮುನ್ನಡೆ ಎನ್ನುವುದು ಕಷ್ಟ. ಚುನಾವಣೆ ತಡವಾದದ್ದಕ್ಕೆ ಹೈಕೋರ್ಟು 2022ರ ಡಿಸೆಂಬರಿನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಅವಧಿ ಮುಗಿದಂದಿನಿಂದ ಈ ಸಂಸ್ಥೆಗಳ ಆಡಳಿತ ಅಧಿಕಾರಿಗಳದ್ದಾಯಿತು.

ಗೆರೆ ಎಳೆಯುವ ಕೆಲಸವನ್ನು ನಾಗರಿಕರಿಗೇ ಬಿಟ್ಟ ಉದಾಹರಣೆಗಳು ಅಮೆರಿಕದಲ್ಲಿವೆ. ಕ್ಯಾಲಿಫೋರ್ನಿಯಾದ ಮತದಾರರು 2008ರಲ್ಲಿ 14 ಮಂದಿಯ, ಮಿಷಿಗನ್ನಿನವರು 2018ರಲ್ಲಿ 13 ಮಂದಿಯ ನಾಗರಿಕ ಆಯೋಗಕ್ಕೆ ಒಪ್ಪಿಗೆ ಕೊಟ್ಟರು. ಕರ್ನಾಟಕದ ಕಾನೂನಿನಲ್ಲಿ ನಾಗರಿಕನ ಪಾತ್ರ ಇನ್ನೂ ಆಕ್ಷೇಪಣೆ ಸಲ್ಲಿಸುವವನದ್ದೇ. ಶರಾವತಿ ಹಿನ್ನೀರಿನಾಚೆಯ ಕರೂರು–ಬಾರಂಗಿ ಹೋಬಳಿಗಳ ಜನ ದಶಕಗಳ ಕಾಲ ಲಾಂಚ್ ಹತ್ತಿಯೇ ಸಾಗರಕ್ಕೆ ಬರುತ್ತಿದ್ದರು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಂಥವರಿಗೆ ನಿಗದಿತ ದಿನದೊಳಗೆ ಕಚೇರಿಗೆ ಬಂದು ತಕರಾರು ಸಲ್ಲಿಸುವುದೇ ಒಂದು ದಿನದ ದುಡಿಮೆ ಬಿಡುವ ಬಾಬತ್ತಾಗಿತ್ತು.

ವಿಧಾನಸಭಾ ಸ್ಥಾನಗಳ ಮರುಹಂಚಿಕೆಗಿರುವ ತಡೆ 2026ರ ನಂತರದ ಮೊದಲ ಜನಗಣತಿಯ ತನಕ. ಆ ಗಣತಿಗೆ 2027ರ ಮಾರ್ಚ್ 1 ಗೊತ್ತಾಗಿದೆ. ಹೊಸನಗರದ ಹಳೆಯ ಬೇಡಿಕೆಗೆ ಮುಂದಿನ ಕಾನೂನುಬದ್ಧ ಅವಕಾಶ ಅದರ ಅಂಕಿಗಳು ಬಂದ ಮೇಲೆಯೇ.